ಸೇತುವೆಯ ಲೆಕ್ಕ

(ಶ್ರಾವಣ ಮಾಸದ ಪ್ರವಚನ)



ಇಂದಿನ ಪ್ರವಚನದಲ್ಲಿ ಬೇರೊಂದು ವಿಷಯವನ್ನು ಎತ್ತಿಕೊಳ್ಳುವುದಾಗಿ ನಿನ್ನೆಯೇ ಸೂಚಿಸಿದ್ದೆವು. ಷಟ್‌ಸ್ಥಲದ ನಿರೂಪಣೆಯನ್ನು ನಾಳೆ ಮುಂದುವರಿಸೋಣ. ಈ ದಿನ ಮಾತನಾಡಬೇಕಾದುದು ನಮ್ಮ ಊರ ಹಳ್ಳದ ಸೇತುವೆಯನ್ನು ಕುರಿತು. ಹಿಂದುಗಡೆ ಕುಳಿತವರಲ್ಲಿ ಒಬ್ಬಿಬ್ಬರು ಈಗಲೇ ಮುಗುಳ್ನಗುತ್ತಿದ್ದಾರೆ; ಬುದ್ಧಿಯವರು ವಂತಿಗೆ ಎತ್ತುವುದಕ್ಕೆ ಪೀಠಿಕೆ ಹಾಕುತ್ತಿದ್ದಾರೆಂದು ಅವರ ಎಣಿಕೆ. ಹೌದು, ವಂತಿಗೆ ಎತ್ತುವುದಕ್ಕೇ. ಅದರಲ್ಲಿ ಮುಚ್ಚುಮರೆ ಏಕೆ? ಆದರೆ ವಂತಿಗೆಗಿಂತ ಮೊದಲು ಒಂದು ಹಳೆಯ ಬಾಕಿಯ ವಿಚಾರವಿದೆ. ಅದನ್ನು ಹೇಳದೆ ನಿಮ್ಮ ಮುಂದೆ ಕೈಯೊಡ್ಡುವುದಕ್ಕೆ ನಮಗೆ ಮುಖವಿಲ್ಲ.

ಕಳೆದ ವರ್ಷ, 2024ರ ಜುಲೈ ತಿಂಗಳಲ್ಲಿ ಮಲೆನಾಡನ್ನೆಲ್ಲ ನಡುಗಿಸಿದ ಗಾಳಿಮಳೆಯನ್ನು ನೀವು ಮರೆತಿಲ್ಲ. ಮೂರು ಹಗಲು ಮೂರು ರಾತ್ರಿ ಗಾಳಿ ನಿಲ್ಲಲಿಲ್ಲ. ಮಠದ ಹಿತ್ತಲಿನ ಹಲಸಿನ ಮರ ಬಿತ್ತು, ಶಾಲೆಯ ಹೆಂಚು ಹಾರಿತು, ವಿದ್ಯುತ್ ಕಂಬಗಳು ಗದ್ದೆಯಲ್ಲಿ ಮಲಗಿದವು. ಮೂರನೆಯ ರಾತ್ರಿ ಹಳ್ಳದ ಮೇಲ್ಭಾಗದಲ್ಲಿ ಬುಡಮೇಲಾದ ಮತ್ತಿಯ ಮರವೊಂದು ತೇಲಿ ಬಂದು ನಮ್ಮ ಸೇತುವೆಯ ನಡುಕಂಬಕ್ಕೆ ಅಡ್ಡಲಾಗಿ ಸಿಕ್ಕಿಕೊಂಡಿತು. ಅದರ ಹಿಂದೆಯೇ ಒಂದು ಬಿದಿರ ಮೆಳೆ, ಅದರ ಮೇಲೆ ಕಸಕಡ್ಡಿ. ನೀರಿಗೆ ದಾರಿಯಿಲ್ಲದಂತಾಯಿತು. ಬೆಳಗಾಗುವ ಹೊತ್ತಿಗೆ ನಡುಕಂಬವೇ ಇರಲಿಲ್ಲ. ಈಚೆ ದಡದ ಕಟ್ಟೆಯೂ, ಅದರಿಂದ ಜೋತಾಡುವ ಒಂದು ತುಂಡು ಕಬ್ಬಿಣದ ಕಂಬಿಯೂ ಉಳಿದವು.

ಅಂದಿನಿಂದ ಎರಡು ಅಡಿಕೆ ಮರದ ದಬ್ಬೆ ಹಾಸಿದ ಸಂಕವೇ ಗತಿಯಾಗಿದೆ. ಹಾಲಿನ ಡೇರಿಗೆ ಆಚೆಯಿಂದ ಬರುವವರು ಕ್ಯಾನನ್ನು ತಲೆಯ ಮೇಲೆ ಹೊತ್ತು, ಒಂದು ಕೈಯಲ್ಲಿ ಹಗ್ಗ ಹಿಡಿದು ದಾಟುತ್ತಾರೆ. ಮೊನ್ನೆ ಒಬ್ಬಾತ ಜಾರಿ ಬಿದ್ದ. ಮೊಣಕಾಲು ತರಚಿತು, ಹನ್ನೆರಡು ಲೀಟರ್ ಹಾಲು ಹಳ್ಳದ ಪಾಲಾಯಿತು. 'ಗಂಗಮ್ಮನಿಗೆ ಕ್ಷೀರಾಭಿಷೇಕ ಆಯ್ತು ಬುದ್ಧೀ' ಎಂದು ಆತ ನಗುತ್ತಲೇ ಹೇಳಿದ. ನಮಗೆ ನಗು ಬರಲಿಲ್ಲ. ಅದೇ ಸಂಕದ ಮೇಲೆ ಆಚೆ ಕೇರಿಯ ಇಪ್ಪತ್ತೊಂದು ಮಕ್ಕಳು ದಿನಕ್ಕೆರಡು ಸಲ ನಡೆಯುತ್ತವೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೆಯ ತರಗತಿಯ ಒಂದು ಹೆಣ್ಣುಮಗು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾಯಿತು. ಆ ಸುದ್ದಿಯನ್ನು ಓದಿದ ದಿನ ನಮ್ಮಲ್ಲಿ ಗಟ್ಟಿ ಸೇತುವೆ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡವರು ನಾವು. ಆ ಗಟ್ಟಿತನ ಎಷ್ಟೆಂಬುದು ಎರಡು ವರ್ಷಕ್ಕೇ ತಿಳಿಯಿತು.

ಈಗ ಬಾಕಿಯ ಮಾತು.

ನಮ್ಮ ಸೇತುವೆ ಕಟ್ಟಿದ್ದು 1991ರಲ್ಲಿ. ನಾವು ಆಗತಾನೆ ಪಾಠಶಾಲೆಯ ವ್ಯಾಸಂಗ ಮುಗಿಸಿ ಮಠಕ್ಕೆ ಬಂದಿದ್ದೆವು. ವ್ಯಾಕರಣ ಗೊತ್ತಿತ್ತು, ತರ್ಕ ಗೊತ್ತಿತ್ತು. ಒಂದು ಗಾಡಿ ಮರಳಿಗೆ ಎಷ್ಟು ಕೊಡಬೇಕೆಂಬುದು ಗೊತ್ತಿರಲಿಲ್ಲ. ಲಿಂಗೈಕ್ಯ ಹಿರಿಯ ಗುರುಗಳು ಆಗ ಹಾಸಿಗೆ ಹಿಡಿದಿದ್ದರು. ಊರವರು ಮಠದ ಮುಖಾಂತರವೇ ಹಣ ಕೂಡಿಸಿದರು, ವಹಿ ನಮ್ಮ ಕೈಗೆ ಬಂದಿತು. ಕೂಡಿದ್ದು 1,43,000 ರೂಪಾಯಿ. ಖರ್ಚಾದದ್ದು 1,31,400. ಉಳಿದದ್ದು 11,600. ಆ ವಹಿ ಇಂದಿಗೂ ಮಠದ ಪೆಟ್ಟಿಗೆಯಲ್ಲಿದೆ, ಅಕ್ಷರ ನಮ್ಮದೇ.

ನಡುಕಂಬಕ್ಕೆ ಪಾಯ ತೋಡುವಾಗ ಮೇಸ್ತ್ರಿ ಬಂದು, 'ಬುದ್ಧೀ, ಇನ್ನೂ ಜಲ್ಲಿಯೇ ಸಿಗುತ್ತಿದೆ, ಬಂಡೆ ಸಿಕ್ಕಿಲ್ಲ. ಇನ್ನು ನಾಲ್ಕೈದು ಅಡಿ ಹೋದರೆ ಒಳ್ಳೆಯದು' ಎಂದ. ಮಳೆಗಾಲ ಹತ್ತಿರವಿತ್ತು. ಕಮಿಟಿಯವರು ನಮ್ಮ ಮುಖ ನೋಡಿದರು. ನಾವು 'ಸಾಕು, ಕಾಂಕ್ರೀಟು ಹಾಕು' ಎಂದುಬಿಟ್ಟೆವು. ಮೇಸ್ತ್ರಿ ಎರಡನೆಯ ಮಾತಾಡಲಿಲ್ಲ. ಮಠದ ಸ್ವಾಮಿಗಳ ಎದುರು ಯಾರು ಎರಡನೆಯ ಮಾತಾಡುತ್ತಾರೆ? ನಮ್ಮ ಪೀಠಕ್ಕಿರುವ ದೊಡ್ಡ ಅಪಾಯವೇ ಅದು. ಸೇತುವೆಯಾಯಿತು, ತೋರಣ ಕಟ್ಟಿದರು, ಉಳಿದ ಹಣದಲ್ಲಿ ಮಠದ ಮಹಾದ್ವಾರಕ್ಕೆ ಗಾರೆ ಮಾಡಿಸಿ ಬಣ್ಣ ಹೊಡೆಸಿದೆವು. ನೀವು ಈಗ ಒಳಗೆ ಬಂದದ್ದು ಆ ದ್ವಾರದಿಂದಲೇ.

ಮರುವರ್ಷ ಒಬ್ಬ ಮುದುಕಮ್ಮ ಪ್ರಸಾದ ತೆಗೆದುಕೊಳ್ಳುವಾಗ ಕೇಳಿದರು: 'ಬುದ್ಧೀ, ಸೇತುವೆ ದುಡ್ಡಿನಲ್ಲಿ ಉಳಿದದ್ದು ಏನಾಯ್ತು?' ಆಕೆ ಕೊಟ್ಟದ್ದು ಹದಿನೈದು ರೂಪಾಯಿ. ನಾವು ನಕ್ಕು, 'ಶಿವನದು ಶಿವನಿಗೇ ಸೇರಿತು ತಾಯೀ' ಎಂದೆವು. ಸುತ್ತಲಿದ್ದವರು ತಲೆದೂಗಿದರು. ಆ ತಾಯಿ ಏನೂ ಹೇಳದೆ ಹೋದರು. ಚಮತ್ಕಾರದ ಉತ್ತರ ಕೊಟ್ಟೆವೆಂದು ಬಹುಕಾಲ ನಮಗೆ ಹೆಮ್ಮೆಯಿತ್ತು. ಕಳೆದ ವರ್ಷ ನೀರಿಳಿದ ಮೇಲೆ ಹಳ್ಳಕ್ಕೆ ಹೋಗಿ ನೋಡಿದೆವು. ಪ್ರವಾಹ ಕಂಬವನ್ನು ಮುರಿದಿರಲಿಲ್ಲ. ಬುಡದ ಜಲ್ಲಿಯನ್ನು ಕೊರೆದು ಕಂಬವನ್ನು ಇಡಿಯಾಗಿಯೇ ಉರುಳಿಸಿತ್ತು. ಬಂಡೆ ಅದರ ಕೆಳಗೆ ಆರಡಿಯಲ್ಲಿ ಕಾಣುತ್ತಿತ್ತು. ಆ 11,600 ರೂಪಾಯಿ ಎಲ್ಲಿಗೆ ಸೇರಬೇಕಾಗಿತ್ತೆಂಬುದು ಅಲ್ಲಿ ನಿಂತಾಗ ತಿಳಿಯಿತು. ಶಿವನ ಹೆಸರನ್ನು ನಮ್ಮ ಅಲಕ್ಷ್ಯಕ್ಕೆ ಹೊದಿಕೆ ಮಾಡಿದೆವಲ್ಲ ಎಂಬುದೂ ತಿಳಿಯಿತು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಈ ವೇದಿಕೆಯಿಂದ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿಯೇನು ಕದ್ದದ್ದಲ್ಲ, ದಾಸೋಹಕ್ಕೆಂದೇ ತಂದದ್ದು. ನಾಳೆಗೆ ಆಗುತ್ತಿತ್ತು. ಆದರೂ ಬೇಡ. ನಾವು ಈ ಕಥೆಯನ್ನು ಹೇಳಿ ಹೇಳಿ ಭಕ್ತರಿಗೆ ನಿರಾಸೆಯ ಬೋಧೆ ಮಾಡುತ್ತಿದ್ದೆವು. ಮಹಾದ್ವಾರದ ಬಣ್ಣ ನೋಡಿಕೊಂಡೇ ಹೇಳುತ್ತಿದ್ದೆವು! ಆ ಹದಿನೈದು ರೂಪಾಯಿಯ ತಾಯಿ ಬಂದು ಕೇಳಿದಾಗ ನಮ್ಮೆದುರು ನಿಂತಿದ್ದವಳು ಲಕ್ಕಮ್ಮನೇ ಎಂದು ಗುರುತಿಸುವ ಕಣ್ಣು ನಮಗಿರಲಿಲ್ಲ.

ಆದ್ದರಿಂದ ಹೊಸ ವಹಿಯ ಮೊದಲನೆಯ ಸಾಲು ಮಠದ್ದು. ಆ 11,600ಕ್ಕೆ ನೂರಕ್ಕೆ ಎಂಟರಂತೆ ಮೂವತ್ತನಾಲ್ಕು ವರ್ಷದ ಚಕ್ರಬಡ್ಡಿ ಹಾಕಿಸಿ ನೋಡಿದೆವು. 1,58,000ದ ಮೇಲೆ ಚಿಲ್ಲರೆಯಾಯಿತು. 1,60,000 ರೂಪಾಯಿಗಳನ್ನು ಕಟ್ಟಿದ್ದೇವೆ. ಅದನ್ನು 'ಮಠದ ಕಾಣಿಕೆ' ಎಂದು ಬರೆಯಕೂಡದು, 'ಮಠದ ಬಾಕಿ ಸಂದಾಯ' ಎಂದು ಬರೆಯಬೇಕೆಂದು ಗುಮಾಸ್ತರಿಗೆ ಹೇಳಿದೆವು. ಅವರು ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದರು, ಪಾಪ. ಕೊನೆಗೆ ಬರೆದರು. ಕೆಲಸ ನಡೆಯುವಷ್ಟು ದಿನ ಆಳುಗಳಿಗೂ ಮೇಸ್ತ್ರಿಗಳಿಗೂ ಎರಡು ಹೊತ್ತು ಮಠದ ದಾಸೋಹ. ಅದು ಬೇರೆ.

ಇನ್ನು, ಎಂಥ ಸೇತುವೆ? ನಮ್ಮೂರ ಹುಡುಗನೊಬ್ಬ ಇಂಜಿನಿಯರಿಂಗ್ ಓದಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದು ಹಳ್ಳವನ್ನು ಅಳೆದು ಅವನು ವಿವರಿಸಿದ್ದನ್ನು ನಮಗೆ ತಿಳಿದಷ್ಟು ಹೇಳುತ್ತೇವೆ. ನೀರಿನ ವೇಗ ಎರಡರಷ್ಟಾದರೆ ಅದರ ನೂಕುಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದಂತೆ, ಮೂರರಷ್ಟಾದರೆ ಒಂಬತ್ತರಷ್ಟು. ಹಳ್ಳದ ನಡುವೆ ಕಂಬ ನಿಂತಿತೆಂದರೆ ಮರ, ಬಿದಿರು ಬಂದು ತಡೆಯುತ್ತವೆ, ತಡೆದ ನೀರು ಕಂಬದ ಬುಡಕ್ಕೆ ನುಗ್ಗಿ ಮಣ್ಣನ್ನು ತೋಡುತ್ತದೆ. ಆದ್ದರಿಂದ ಈ ಸಲ ನಡುಕಂಬವೇ ಬೇಡ, ತೂಗುಸೇತುವೆಯಾಗಲಿ, ಎರಡೂ ದಡದಲ್ಲಿ ಬಂಡೆಯ ಮೇಲೆ ಗೋಪುರ ನಿಲ್ಲಿಸಿ, ಕಳೆದ ವರ್ಷದ ನೀರಿನ ಗುರುತಿಗಿಂತ ಐದಡಿ ಮೇಲೆ ಹಲಗೆ ಹಾಸೋಣ ಎಂದು ಅವನ ಸಲಹೆ. ಆ ಗುರುತು ಅರಳಿಮರದ ಕಾಂಡದ ಮೇಲೆ ಕೆಸರಿನ ಗೆರೆಯಾಗಿ ಈಗಲೂ ಇದೆ. ಅದರ ಮೇಲೆ ಕೆಂಪು ಬಣ್ಣ ಹಚ್ಚಿಸಿದ್ದೇವೆ, ಯಾರೂ ಅಳಿಸಬೇಡಿ.

ತೂಗುಸೇತುವೆ ನಮ್ಮ ನಾಡಿಗೆ ಹೊಸದೇನಲ್ಲ. ಸುಳ್ಯದ ಗಿರೀಶ್ ಭಾರದ್ವಾಜರ ಹೆಸರನ್ನು ನೀವು ಕೇಳಿರಬಹುದು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಅವರು ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಕರ್ನಾಟಕ, ಕೇರಳ ಮುಂತಾದ ಕಡೆ ಅಂಥವು ನೂರಕ್ಕೂ ಹೆಚ್ಚಾದವು. 2017ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಯಂತ್ರ ಹೋಗಲಾರದ ಕಡೆಯೂ ಊರವರೇ ಕಲ್ಲು ಹೊತ್ತು, ಹಗ್ಗ ಎಳೆದು ಕಟ್ಟಬಹುದಾದದ್ದು ಅಂಥ ಸೇತುವೆಯ ಗುಣ. ಟ್ರಾಕ್ಟರ್ ಹೋಗುವಂತಿರಬೇಕು ಎಂದು ಕೆಲವರು ಹಟ ಹಿಡಿದಿದ್ದೀರಿ. ಅದನ್ನು ಸರ್ಕಾರ ಕಟ್ಟಲಿ. ಅರ್ಜಿ ಕೊಟ್ಟಿದ್ದೇವೆ, ಇನ್ನೂ ಕೊಡುತ್ತೇವೆ. ನಾವು ಹಣ ಕೂಡಿಸಿದ ಮಾತ್ರಕ್ಕೆ ಅವರ ಹೊಣೆ ಇಳಿಯುವುದಿಲ್ಲ. ಆದರೆ ಅರ್ಜಿಯ ಮೇಲೆ ಮಕ್ಕಳನ್ನು ನಡೆಸಲಾಗುವುದಿಲ್ಲ.

ಅಂದಾಜು ಪಟ್ಟಿ 22,40,000 ರೂಪಾಯಿ. ಈ ಮೊತ್ತ ಕೇಳಿದೊಡನೆ ನಮ್ಮೂರಿನವರೇ ಆದ, ಪಟ್ಟಣದಲ್ಲಿ ನೆಲಸಿ ಚೆನ್ನಾಗಿ ಗಳಿಸಿದ ಸದ್ಭಕ್ತರೊಬ್ಬರು ಹೇಳಿ ಕಳುಹಿಸಿದರು: 'ಪೂರ್ತಿ ಹಣ ನಾನೇ ಕೊಡುತ್ತೇನೆ. ನಮ್ಮ ತಂದೆಯವರ ಹೆಸರಿಡಿ, ಸಾಕು.' ಅವರ ಭಾವ ದೊಡ್ಡದು. ಹಾಗೆ ಒಬ್ಬರೇ ಕಟ್ಟಿಸಿದ ಸೇತುವೆಗಳೂ ನಮ್ಮ ನಾಡಿನಲ್ಲಿವೆ. ಶಿವನಸಮುದ್ರದಲ್ಲಿ ಕಾವೇರಿಗೆ ಕಲ್ಲುಕಂಬಗಳ ಸೇತುವೆ ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರರು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಅದರಲ್ಲಿ ಒಂದು ಭಾಗ ಕೊಚ್ಚಿಹೋದದ್ದು 2018ರ ಮಹಾಪೂರದಲ್ಲಿ. ಅಂಥ ದಾನಿಗಳನ್ನು ಹಗುರ ಮಾಡುವ ಅಧಿಕಾರ ನಮಗಿಲ್ಲ. ಆದರೂ ಎರಡು ರಾತ್ರಿ ಯೋಚಿಸಿ 'ಬೇಡ' ಎಂದು ಹೇಳಿಸಿದೆವು. ಅವರಿಗೆ ನೋವಾಗಿದೆ. ಇಂದಿನವರೆಗೆ ಮಾತಾಡಿಲ್ಲ. ಕಮಿಟಿಯಲ್ಲಿಯೂ ಕೆಲವರು ನಮ್ಮ ಮೇಲೆ ಬೇಸರಗೊಂಡಿದ್ದಾರೆ. ಕೈಗೆ ಬಂದದ್ದನ್ನು ಬುದ್ಧಿಯವರು ಕಾಲಿನಿಂದ ನೂಕಿದರು ಎಂದು. ಏಕೆ ಬೇಡವೆಂದೆವು ಎಂಬುದನ್ನು ಹೇಳಬೇಕು.

1991ರ ವಹಿಯಲ್ಲಿ ಆಚೆ ಕೇರಿಯ ಒಂದು ಹೆಸರೂ ಇಲ್ಲ. ಅಲ್ಲಿ ಮೂವತ್ತೆಂಟು ಮನೆಗಳಿವೆ. ಸೇತುವೆಯ ಮೇಲೆ ನಮಗಿಂತ ಹೆಚ್ಚಾಗಿ ನಡೆಯುವವರು ಅವರು. 'ಬಡವರು, ಅವರನ್ನೇಕೆ ಕೇಳುವುದು' ಎಂದು ನಾವಂದುಕೊಂಡದ್ದು ಮೇಲಿನ ಕಾರಣ. ಒಳಗಿನ ಕಾರಣ ನಮಗೂ ಗೊತ್ತು, ನಿಮಗೂ ಗೊತ್ತು. ಕಳೆದ ತಿಂಗಳು ಆ ಕೇರಿಗೆ ಹೋದೆವು. ಅಲ್ಲಿನ ಹಿರಿಯರೊಬ್ಬರು ಚಾಪೆ ಹಾಸಿ ಕೂರಿಸಿ ಹೇಳಿದರು: 'ಬುದ್ಧೀ, ಆವತ್ತು ನಮ್ಮನ್ನು ಒಂದು ರೂಪಾಯಿ ಕೇಳಲಿಲ್ಲ. ಕಲ್ಲು ಹೊರೋದಕ್ಕೆ ಕರೆದ್ರಿ, ಕೂಲಿ ಕೊಟ್ರಿ. ಅದಕ್ಕೇ ಮೂವತ್ತು ವರ್ಷ ಅದರ ಮೇಲೆ ನಡೆದರೂ ಯಾರದೋ ಮನೆ ಜಗಲಿ ಮೇಲೆ ನಡೆದಂಗೆ ಇರ್ತಿತ್ತು. ಕಂಬದ ಬುಡ ಕೊರೆದಿದ್ದು ಎರಡು ವರ್ಷದ ಹಿಂದೇನೇ ನಮಗೆ ಕಂಡಿತ್ತು. ಹೇಳೋದಕ್ಕೆ ನಾವು ಯಾರು ಅಂತ ಸುಮ್ಮನಾದ್ವಿ.'

ಈ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಕಂಡಿತ್ತು, ಹೇಳಲಿಲ್ಲ. ವಂತಿಗೆ ಕೇಳುವುದೆಂದರೆ ಹಣ ಕೇಳುವುದಷ್ಟೇ ಅಲ್ಲ. ಕೇಳಿಸಿಕೊಂಡವನಿಗೆ ನಾಳೆ ಪ್ರಶ್ನೆ ಕೇಳುವ ಅಧಿಕಾರ ಬರುತ್ತದೆ. ಒಬ್ಬ ಪುಣ್ಯಾತ್ಮ ಇಪ್ಪತ್ತೆರಡು ಲಕ್ಷ ಕೊಟ್ಟರೆ ಆ ಅಧಿಕಾರ ಅವನೊಬ್ಬನದು. ಹಗ್ಗದ ಒಂದು ಎಳೆ ಬಿಚ್ಚಿದರೂ ಊರು ಪಟ್ಟಣದ ಕಡೆ ಮುಖ ಮಾಡಿ ಕೂರುತ್ತದೆ.

ಅದೇ ಇಂಜಿನಿಯರ್ ಹುಡುಗ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ದಕ್ಷಿಣ ಅಮೆರಿಕದ ಪೆರು ದೇಶ, ಅಪುರಿಮಾಕ್ ಎಂಬ ಹೊಳೆ. ಅಲ್ಲಿ ಕೆಶ್ವಚಾಕ ಎಂಬ ತೂಗುಸೇತುವೆ ಇದೆ. ಅದಕ್ಕೆ ಕಬ್ಬಿಣವಿಲ್ಲ, ಸಿಮೆಂಟಿಲ್ಲ, ಬೆಟ್ಟದ ಹುಲ್ಲನ್ನು ಹೊಸೆದ ಹಗ್ಗವೇ ಎಲ್ಲ. ನಾಲ್ಕು ಹಳ್ಳಿಯವರು ಪ್ರತಿ ವರ್ಷ ಜೂನಿನಲ್ಲಿ ಸೇರಿ ಹಳೆಯದನ್ನು ಕಳಚಿ ಹೊಸದನ್ನು ನೇಯುತ್ತಾರೆ. ಮನೆಮನೆಯಿಂದ ಹೊಸೆದ ಹುರಿ ಬರಬೇಕು. ಆ ಹುರಿಗಳನ್ನು ಸೇರಿಸಿ ಹಗ್ಗ, ಹಗ್ಗಗಳನ್ನು ಸೇರಿಸಿ ತೊಡೆಗಾತ್ರದ ಮಿಣಿ. ಯಾವ ಮನೆಯ ಹುರಿ ಯಾವುದೆಂದು ಆಮೇಲೆ ಬ್ರಹ್ಮನಿಗೂ ತಿಳಿಯದು. ಸಾಂಕ್ರಾಮಿಕದ ಕಾಲದಲ್ಲಿ, 2020ರಲ್ಲಿ, ನೇಯುವುದು ತಪ್ಪಿತು. 2021ರ ಮಾರ್ಚಿಯಲ್ಲಿ ಸೇತುವೆ ಕುಸಿದುಬಿತ್ತು. ಜೂನಿನಲ್ಲಿ ಮತ್ತೆ ನೇಯ್ದರು. ಅವರಿಗೆ ದಾಸೋಹವೆಂಬ ಶಬ್ದ ಗೊತ್ತಿಲ್ಲ.

ಸಂಸ್ಕೃತದಲ್ಲಿ ಸೇತು ಎಂಬ ಶಬ್ದವೇ ಕಟ್ಟು ಎಂಬರ್ಥದ ಧಾತುವಿನಿಂದ ಬಂದದ್ದು. ನಾವು ದಾಟುವ ಸೇತುವೆಯೂ ಸೇತು, ನೀರು ಮೀರದಂತೆ ತಡೆಯುವ ಗದ್ದೆಯ ಬದುವೂ ಸೇತು. ಎರಡು ದಡಗಳನ್ನು ಸೇರಿಸುವುದೂ ಅದೇ, ಮೇರೆ ಹಾಕುವುದೂ ಅದೇ. ಪಾಠಶಾಲೆಯಲ್ಲಿ ಈ ಎರಡರ್ಥವನ್ನು ಬಾಯಿಪಾಠ ಮಾಡಿದ್ದೆವು. ಹಣ ಕೂಡಿಸುವ ಕೆಲಸಕ್ಕೂ ಎರಡೂ ಬೇಕೆಂಬುದು ಮೊದಲ ಸೇತುವೆ ಬಿದ್ದ ಮೇಲೆ ಹೊಳೆಯಿತು.

ರಾಮಸೇತುವೆಯ ವಿಷಯ ಬಂದರೆ ನಾವೆಲ್ಲ ಅಳಿಲಿನ ಕಥೆ ಹೇಳುತ್ತೇವೆ. ಚೆಲುವಾದ ಕಥೆ; ಮಕ್ಕಳಿಗೆ ಹೇಳಬೇಕಾದದ್ದೇ. ಆದರೆ ವಾಲ್ಮೀಕಿಗಳಲ್ಲಿ ಅಳಿಲಿಲ್ಲ. ಅಲ್ಲಿರುವುದು ಲೆಕ್ಕ! ಯುದ್ಧಕಾಂಡ ತೆರೆದು ನೋಡಿ: ಮೊದಲ ದಿನ ಹದಿನಾಲ್ಕು ಯೋಜನ, ಎರಡನೆಯ ದಿನ ಇಪ್ಪತ್ತು, ಆಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು, ಐದನೆಯ ದಿನ ಇಪ್ಪತ್ತಮೂರು, ಒಟ್ಟು ನೂರು. ಕೂಡಿಸಿ ನೋಡಿ, ಒಂದೂ ತಪ್ಪಿಲ್ಲ. ಕೆಲವು ವಾನರರು ಅಳತೆಯ ದಾರ ಹಿಡಿದಿದ್ದರು, ಕೆಲವರು ಕೋಲು ಹಿಡಿದಿದ್ದರು. ನಳನೆಂಬ ಶಿಲ್ಪಿಯ ಮಾತೇ ನಡೆಯಿತು. ಸಾಕು, ಇಷ್ಟಕ್ಕೆ ನಿಲ್ಲಿಸು ಎಂದು ಶ್ರೀರಾಮ ನಡುವೆ ಬಾಯಿ ಹಾಕಲಿಲ್ಲ. ದೇವಕಾರ್ಯಕ್ಕೆ ದಿನದ ಲೆಕ್ಕ ಏಕೆ ಎಂದು ಆದಿಕವಿಗೆ ಅನ್ನಿಸಲಿಲ್ಲ. ನಮಗೆ ಅನ್ನಿಸಿತ್ತು.

ಆದ್ದರಿಂದ ಕಮಿಟಿ ಈ ಕೆಲವನ್ನು ಗೊತ್ತು ಮಾಡಿದೆ. ಈಚೆಯ ಇನ್ನೂರ ನಲವತ್ತು ಮನೆ, ಆಚೆಯ ಮೂವತ್ತೆಂಟು ಮನೆ, ಒಂದನ್ನೂ ಬಿಡದೆ ಕೇಳುವುದು. ಹತ್ತು ರೂಪಾಯಿ ಕೊಟ್ಟರೂ ರಸೀದಿ. ಹಣವಿಲ್ಲದವರು ಆಳು ಕೊಡಬಹುದು. ಊರಲ್ಲಿ ನಡೆಯುವ ಕೂಲಿಯ ದರದಲ್ಲಿ ಅದನ್ನು ವಹಿಯಲ್ಲಿ ಹಣವೆಂದೇ ಬರೆಯುವುದು. ಯಾರೊಬ್ಬರಿಂದಲೂ ಒಟ್ಟು ಮೊತ್ತದ ಹತ್ತನೆಯ ಒಂದಕ್ಕಿಂತ, ಅಂದರೆ 2,24,000ಕ್ಕಿಂತ, ಹೆಚ್ಚು ತೆಗೆದುಕೊಳ್ಳುವುದಿಲ್ಲ. ಪಟ್ಟಣದ ಆ ಸದ್ಭಕ್ತರಿಗೂ ಇದನ್ನೇ ಕೈಮುಗಿದು ತಿಳಿಸಿದ್ದೇವೆ. ಅವರ ತಂದೆ 1991ರಲ್ಲಿ ತಲೆಯ ಮೇಲೆ ಮರಳು ಹೊತ್ತವರು. ಆ ಹೆಸರು ವಹಿಯಲ್ಲಿ ಉಳಿದೇ ಇದೆ. ಸೇತುವೆಗೆ ಯಾರ ಹೆಸರೂ ಇಲ್ಲ, ಮಠದ್ದೂ ಇಲ್ಲ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಒಡ್ಡರಾಮನೆಂದು ಹಂಗಿಸಿದ್ದು ಕೆರೆಯ ಮೇಲಿನ ಕೋಪದಿಂದಲ್ಲ ಎಂಬುದು ನಿಮಗೆ ತಿಳಿದಿದೆ.

ಕಮಿಟಿಯಲ್ಲಿ ಒಂಬತ್ತು ಜನ, ಅದರಲ್ಲಿ ಮೂವರು ಆಚೆ ಕೇರಿಯವರು, ನಾಲ್ವರು ತಾಯಂದಿರು. ವಹಿ ನಮ್ಮ ಕೈಯಲ್ಲಿರುವುದಿಲ್ಲ. ಪ್ರತಿ ಸೋಮವಾರ ಜಮೆ ಖರ್ಚನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಹಾದ್ವಾರಕ್ಕೆ ಅಂಟಿಸುವುದು. ಆ ದ್ವಾರಕ್ಕೆ ಅಷ್ಟು ಕೆಲಸವಾದರೂ ಬರಲಿ.

ಕಟ್ಟಿದ ಮೇಲಿನ ಮಾತು ಇನ್ನೂ ಮುಖ್ಯ. ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ಹಳೆಯ ತೂಗುಸೇತುವೆಯನ್ನು ದುರಸ್ತಿ ಮಾಡಿ 2022ರ ಅಕ್ಟೋಬರ್ 26ರಂದು ಜನರಿಗೆ ಬಿಟ್ಟರು. ನಾಲ್ಕೇ ದಿನಕ್ಕೆ, 30ರ ಸಂಜೆ, ಅದು ಹರಿದುಬಿತ್ತು. 135 ಜನ ಸತ್ತರು, ಬಹಳ ಮಂದಿ ಮಕ್ಕಳು. ತನಿಖೆಯಲ್ಲಿ ಕಂಡದ್ದೇನು? ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು. ಮೇಲೆ ಹಾಸು ಹೊಸದಾಗಿತ್ತು, ಹಗ್ಗ ಹಳೆಯದೇ ಇತ್ತು. ಅಲ್ಲಿ ಬಿರುಗಾಳಿಯೂ ಇರಲಿಲ್ಲ, ಪ್ರವಾಹವೂ ಇರಲಿಲ್ಲ. ಮಹಾದ್ವಾರಕ್ಕೆ ಬಣ್ಣ ಹೊಡೆಸಿದವರಿಗೆ ಈ ಸುದ್ದಿ ಹೇಗೆ ಚುಚ್ಚಿರಬೇಕು, ಯೋಚಿಸಿ. ಆದ್ದರಿಂದ ಕೂಡಿದ್ದರಲ್ಲಿ ಏನಾದರೂ ಉಳಿದರೆ ಅದು ಸೇತುವೆಯ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿರುತ್ತದೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಹಗ್ಗಕ್ಕೆ ಗ್ರೀಸು, ಬೋಲ್ಟುಗಳಿಗೆ ಬಿಗಿ, ಕೊಳೆತ ಹಲಗೆಗೆ ಹೊಸ ಹಲಗೆ. ಅದರ ಉಸ್ತುವಾರಿಯನ್ನು ಆಚೆ ಕೇರಿಯ ಆ ಹಿರಿಯರಿಗೇ ಒಪ್ಪಿಸಿದ್ದೇವೆ. ಬುಡ ಕೊರೆದದ್ದು ಮೊದಲು ಕಂಡದ್ದು ಅವರ ಕಣ್ಣಿಗೆ ತಾನೆ? ಅವರು ಹಗ್ಗ ಕಟ್ಟಿ ದಾರಿ ಮುಚ್ಚಿದರೆಂದರೆ ನಾವು ಪಲ್ಲಕ್ಕಿಯಲ್ಲಿ ಬಂದರೂ ಹಿಂದಿರುಗಬೇಕು.

ಆ ಹದಿನೈದು ರೂಪಾಯಿಯ ತಾಯಿ ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ಅವರ ಮೊಮ್ಮಗಳು ಈ ಸಭೆಯಲ್ಲಿದ್ದಾಳೆ. ನಿನ್ನೆ ಆಕೆಯ ಮನೆಗೆ ಹೋಗಿ, ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ತಂದಿದ್ದೇವೆಂದು ಹೇಳಿ, ಹಳೆಯ ವಹಿಯನ್ನೂ ಬಾಕಿ ಕಟ್ಟಿದ ರಸೀದಿಯನ್ನೂ ತೋರಿಸಿದೆವು. ಆಕೆ ಎರಡನ್ನೂ ಓದಿ ನೋಡಿ, 'ಚಕ್ರಬಡ್ಡಿ ಸರಿಯಾಗಿ ಹಾಕಿದ್ದೀರಾ ಬುದ್ಧೀ?' ಎಂದಳು. ಅವಳನ್ನೇ ಕಮಿಟಿಯ ಖಜಾಂಚಿ ಮಾಡಿದ್ದೇವೆ.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಆಚೆ ಕೇರಿಯ ಮೊದಲ ಮನೆಯಿಂದ ಕೇಳುವುದು ಆರಂಭ. ನಾವೂ ಜೋಳಿಗೆ ಹಿಡಿದು ಬರುತ್ತೇವೆ. ಸಂಕ ದಾಟಿಯೇ ಬರಬೇಕಾದ್ದರಿಂದ ಒಬ್ಬಿಬ್ಬರು ಗಟ್ಟಿ ಹುಡುಗರು ಜೊತೆಗಿದ್ದರೆ ಒಳ್ಳೆಯದು, ನಮಗೂ ವಯಸ್ಸಾಯಿತು.